ಕುಂಕುಮ, ಕೂದಲು, ಒರಳುಕಲ್ಲು: ನಮ್ಮ ನಡುವಿನ ಕಲಾವಿದರನ್ನು ಕಂಡುಕೊಳ್ಳುವ ದಾರಿ

2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ಒಂದು ಮೊಸಳೆ ಕಾಣಿಸಿಕೊಂಡಿತು. ನೀರಿನ ಪೈಪು ಒಡೆದು ರಸ್ತೆ ಕುಸಿದಿತ್ತು. ವಾರಗಟ್ಟಲೆ ಬಾಯಿ ತೆರೆದುಕೊಂಡಿದ್ದ ಆ ಗುಂಡಿಯ ಸುತ್ತ ಹಸಿರು ಬಣ್ಣದ ಕೆರೆಯೊಂದು ರಾತ್ರೋರಾತ್ರಿ ಹುಟ್ಟಿತ್ತು, ಕೆರೆಯಲ್ಲಿ ನಿಜಗಾತ್ರದ ಮೊಸಳೆ ಮಲಗಿತ್ತು. ಸ್ಕೂಟರ್‌ ನಿಲ್ಲಿಸಿ ನೋಡಿದವರು, ಮಕ್ಕಳನ್ನು ಕರೆತಂದು ತೋರಿಸಿದವರು, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡವರು ಎಷ್ಟೋ ಮಂದಿ. ಮೊಸಳೆಯ ಚಿತ್ರ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಬಂದದ್ದೇ ತಡ, ಪಾಲಿಕೆಯವರು ಬಂದು ಗುಂಡಿ ಮುಚ್ಚಿದರು.

ಆ ಮೊಸಳೆಯನ್ನು ಮಾಡಿದವರು ಬಾದಲ್ ನಂಜುಂಡಸ್ವಾಮಿ, ಮೈಸೂರಿನಲ್ಲಿ ಚಿತ್ರಕಲೆ ಕಲಿತವರು. 2019ರಲ್ಲಿ, ಚಂದ್ರಯಾನ-2ರ ಸುದ್ದಿ ಎಲ್ಲರ ಬಾಯಲ್ಲಿದ್ದ ದಿನಗಳಲ್ಲಿ, ಅವರ ಒಂದು ವಿಡಿಯೊ ದೇಶದಾಚೆಗೂ ಹರಿದಾಡಿತು. ಬೆಳ್ಳಿಬಣ್ಣದ ಉಡುಪು ತೊಟ್ಟ ಗಗನಯಾತ್ರಿಯೊಬ್ಬ ಕತ್ತಲಲ್ಲಿ ನಿಧಾನವಾಗಿ ಹೆಜ್ಜೆ ಎತ್ತಿಡುತ್ತಾನೆ. ಸುತ್ತ ಚಂದ್ರನ ಮೇಲಿನಂಥ ಕುಳಿಗಳು. ನೋಡುತ್ತಿದ್ದಂತೆ ಪಕ್ಕದಲ್ಲೊಂದು ಆಟೊ ಹಾದುಹೋಗುತ್ತದೆ, ಅದು ಬೆಂಗಳೂರಿನ ರಸ್ತೆ ಎಂಬುದು ಆಗ ತಿಳಿಯುತ್ತದೆ. ಉಡುಪಿನೊಳಗೆ ಇದ್ದವರು ನಟ ಪೂರ್ಣಚಂದ್ರ ಮೈಸೂರು. ಆ ರಸ್ತೆಯೂ ಬೇಗನೆ ರಿಪೇರಿಯಾಯಿತು.

ಮೊಸಳೆಯನ್ನು ನೆನಪಿಟ್ಟುಕೊಂಡವರು ಬಹಳ. ಆದರೆ ಅದನ್ನು ಮಾಡಿದವರು ಎಲ್ಲಿ ಓದಿದರು, ಅವರ ಹಾಗೆಯೇ ಊರಿನ ಸಾಮಾನು, ಊರಿನ ಕಷ್ಟ, ಊರಿನ ನಗುವನ್ನೆಲ್ಲ ಕಲೆಗೆ ತಂದವರು ಇನ್ನು ಯಾರಿದ್ದಾರೆ ಎಂದು ಕೇಳಿದವರು ಕಡಿಮೆ. ಈಗ ಬರೆಯುತ್ತಿರುವ ಐವರು ಸಾಹಿತಿಗಳ ಹೆಸರು ಹೇಳಿ ಎಂದರೆ ಕನ್ನಡದ ಓದುಗರು ತಡವರಿಸುವುದಿಲ್ಲ. ಐವರು ಚಿತ್ರಕಲಾವಿದರು ಅಥವಾ ಛಾಯಾಗ್ರಾಹಕರ ಹೆಸರು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಇದು ಆಸಕ್ತಿಯ ಕೊರತೆಯಲ್ಲ, ದಾರಿ ತೋರಿಸುವವರಿಲ್ಲದ ಕೊರತೆ. ದಾರಿ ಮಾತ್ರ ಕಷ್ಟದ್ದೇನಲ್ಲ. ಕಲಾವಿದರು ಒಬ್ಬೊಬ್ಬರೇ ಹುಟ್ಟಿ ಬೆಳೆಯುವವರಲ್ಲ. ಅವರಿಗೆ ಶಾಲೆಗಳಿವೆ, ಗುರುಗಳಿದ್ದಾರೆ, ಜೊತೆಗೆ ಕೆಲಸ ಮಾಡಿದ ಗೆಳೆಯರಿದ್ದಾರೆ, ಕೂತು ಹರಟಿದ ಮನೆಗಳಿವೆ. ಮೆಚ್ಚಿದ ಒಬ್ಬರನ್ನು ಹಿಡಿದು ಹೊರಟರೆ ಅವರೇ ಮುಂದಿನವರ ಬಾಗಿಲಿಗೆ ಕರೆದೊಯ್ಯುತ್ತಾರೆ.

ನಂಜುಂಡಸ್ವಾಮಿ ಓದಿದ್ದು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ. ಊರಿನವರ ಬಾಯಲ್ಲಿ ಅದು ‘ಕಾವಾ’. ಅದೇ ಕಾವಾದಲ್ಲಿ ಅವರಿಗಿಂತ ಮೊದಲು ಓದಿದವರು ಎನ್.ಎಸ್. ಹರ್ಷ. 1969ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಕಾವಾದಿಂದ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯಕ್ಕೆ ಹೋಗಿ, ಓದು ಮುಗಿಸಿ ಮೈಸೂರಿಗೇ ಮರಳಿದವರು. ಕಲಾವಿದರಿಗೆ ದಿಲ್ಲಿ, ಮುಂಬೈ ಬಿಟ್ಟರೆ ಗತಿಯಿಲ್ಲ ಎಂಬ ಮಾತಿದ್ದ ಕಾಲದಲ್ಲಿ ಊರಲ್ಲೇ ಉಳಿದು ಲೋಕದೊಡನೆ ಮಾತಾಡಿದರು. 2008ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಕೊಡಮಾಡುವ ಆರ್ಟೆಸ್ ಮುಂಡಿ ಪ್ರಶಸ್ತಿ ಅವರದಾಯಿತು. 2017ರಲ್ಲಿ ಟೋಕಿಯೊದ ಮೋರಿ ಆರ್ಟ್ ಮ್ಯೂಸಿಯಂ ಅವರ ಅಲ್ಲಿಯವರೆಗಿನ ಕೆಲಸವನ್ನೆಲ್ಲ ಒಟ್ಟುಗೂಡಿಸಿ ದೊಡ್ಡ ಪ್ರದರ್ಶನವನ್ನೇ ನಡೆಸಿತು.

ಹರ್ಷ ಅವರ ಚಿತ್ರ ನೋಡಲು ಕಲೆಯ ಪಾರಿಭಾಷಿಕ ಪದಗಳು ಬೇಕಿಲ್ಲ, ಮದುವೆಮನೆಯ ಪಂಕ್ತಿಯಲ್ಲಿ ಕೂತು ಉಂಡ ಅನುಭವ ಸಾಕು. ಅವರ ಎಷ್ಟೋ ಚಿತ್ರಗಳಲ್ಲಿ ಜನ ಸಾಲುಸಾಲಾಗಿ ಕೂತಿರುತ್ತಾರೆ. ಉಣ್ಣುತ್ತಾರೆ, ನಡೆಯುತ್ತಾರೆ, ಮಲಗುತ್ತಾರೆ. ‘ಕಮ್ ಗಿವ್ ಅಸ್ ಎ ಸ್ಪೀಚ್’ ಎಂಬ 2008ರ ಕೃತಿ ಆರು ದೊಡ್ಡ ಕ್ಯಾನ್ವಾಸುಗಳನ್ನು ಸೇರಿಸಿದ್ದು. ಅದರಲ್ಲಿ ಸುಮಾರು ಎರಡು ಸಾವಿರ ಮಂದಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ, ಭಾಷಣ ಕೇಳಲು ಬಂದವರ ಹಾಗೆ, ನೋಡುಗರ ಕಡೆಗೇ ಮುಖ ಮಾಡಿ ಕೂತಿದ್ದಾರೆ. ದೂರದಿಂದ ನೋಡಿದರೆ ಒಂದೇ ಬಗೆಯ ಗುಂಪು. ಹತ್ತಿರ ಹೋದರೆ ಒಬ್ಬರಂತೆ ಇನ್ನೊಬ್ಬರಿಲ್ಲ. ಹಳ್ಳಿಯವರ ಪಕ್ಕದಲ್ಲಿ ದೇವರುಗಳು, ಸಿನಿಮಾ ಮತ್ತು ಕಾಮಿಕ್ಸ್‌ನ ನಾಯಕರು, ತೂಕಡಿಸುವವರು. ವೇದಿಕೆ ಎಲ್ಲಿ ಎಂದು ಹುಡುಕುವ ನೋಡುಗರಿಗೆ ತಾವು ನಿಂತಿರುವ ಜಾಗವೇ ವೇದಿಕೆ ಎಂಬುದು ಸ್ವಲ್ಪ ತಡವಾಗಿ ಹೊಳೆಯುತ್ತದೆ.

ಅವರದೇ ‘ನೇಷನ್ಸ್’ ಎಂಬ ಕೃತಿಯಲ್ಲಿ ಕಾಲಿನಿಂದ ತುಳಿದು ಓಡಿಸುವ ಹೊಲಿಗೆ ಯಂತ್ರಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳ ಧ್ವಜವನ್ನು ಯಂತ್ರಕ್ಕೊಂದರಂತೆ ಬಣ್ಣದಲ್ಲಿ ಬರೆದು ಇಟ್ಟಿದ್ದಾರೆ. ಬಣ್ಣಬಣ್ಣದ ದಾರಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾದು ಬಿಡಿಸಲಾಗದಂತೆ ಗೋಜಲಾಗಿವೆ. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗೆ ದಿನವೂ ಬಸ್ಸು ಹತ್ತುವ ಹೆಣ್ಣುಮಗಳಿಗೆ ಈ ಕೃತಿ ಏನು ಹೇಳುತ್ತದೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಒಂದು ದೇಶದ ದಾರ, ಇನ್ನೊಂದು ದೇಶದ ದುಡಿಮೆ, ಮತ್ತೊಂದು ದೇಶದ ಅಂಗಡಿ ಹೇಗೆ ಹೆಣೆದುಕೊಂಡಿವೆ ಎಂಬುದು ಅವಳಿಗೆ ಮೊದಲೇ ಗೊತ್ತು.

ಇದೇ ರೀತಿ ಕಣ್ಣೆದುರಿನ ಸಾಮಾನನ್ನೇ ಕಲೆಗೆ ತಂದ ಇನ್ನೊಬ್ಬರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದರು. ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಕಲಿತರು. ಅಲ್ಲಿಂದ ಶಾಂತಿನಿಕೇತನಕ್ಕೆ ಹೋಗಿ ಕೆ.ಜಿ. ಸುಬ್ರಮಣ್ಯನ್ ಅವರ ಬಳಿ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದರು. ಮೊದಲು ತೈಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದವರು ತೊಂಬತ್ತರ ದಶಕದ ಆರಂಭದಲ್ಲಿ, ದೇಶ ಕೋಮುಗಲಭೆಗಳಿಂದ ನಲುಗಿದ್ದ ಹೊತ್ತಿನಲ್ಲಿ, ಬ್ರಷ್ಷು ಕೆಳಗಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. ಸಗಣಿ ಮನೆ ಸಾರಿಸಲು ಬೇಕು, ಒಲೆ ಉರಿಸಲು ಬೇಕು, ಪೂಜೆಗೂ ಬೇಕು. ಅದನ್ನು ತಟ್ಟುವವರು ಹೆಂಗಸರು. ಒಂದೇ ವಸ್ತುವಿನಲ್ಲಿ ಪೂಜ್ಯತೆ, ದುಡಿಮೆ, ಬಡತನ ಮೂರೂ ಕೂಡಿಕೊಂಡಿವೆ. ಮುಂದೆ ಅವರ ಕೆಲಸಕ್ಕೆ ಕುಂಕುಮ, ಅಗರಬತ್ತಿಯ ಬೂದಿ, ಡಾಂಬರು ಡ್ರಮ್ಮು, ತಲೆಗೂದಲು ಬಂದವು.

‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಎಂಬ ಅವರ ಕೃತಿಯನ್ನು ಮಾಡಿದ ಬಗೆಯನ್ನೇ ನೋಡಬಹುದು. ಉದ್ದನೆಯ ದಾರದ ಎಳೆಗೆ ಒಂದು ಸೂಜಿ ಪೋಣಿಸಿ, ಸೂಜಿಯನ್ನು ದಾರದ ನಟ್ಟನಡುವಿಗೆ ಎಳೆದು ತರಬೇಕು. ಹಾಗೆ ಪೋಣಿಸಿದ ಎಳೆಗಳನ್ನೆಲ್ಲ ಒಟ್ಟುಸೇರಿಸಿ ಕುಂಕುಮ ಮತ್ತು ಅಂಟಿನ ಮಿಶ್ರಣ ಸವರಿ ಒಂದೇ ಹಗ್ಗವಾಗಿ ಹೊಸೆಯಬೇಕು. ಕೊನೆಗೆ ಕಾಣುವುದು ಗೋಡೆಯಿಂದ ಇಳಿದು ನೆಲದ ಮೇಲೆ ಸುರುಳಿ ಸುತ್ತಿ ಹರಡಿದ ಕೆಂಪು ಹಗ್ಗ. ಅದರ ತುದಿಯಲ್ಲಿ ಸೂಜಿಗಳ ಗೊಂಚಲು ಹೊಳೆಯುತ್ತಿರುತ್ತದೆ. ದೂರದಿಂದ ಸೊಗಸಾದ ಗೆರೆಯಂತೆ ಕಾಣುವ ಅದು ಹತ್ತಿರ ಬಂದಾಗ ಕರುಳಿನಂತೆ, ರಕ್ತನಾಳದಂತೆ ಕಾಣತೊಡಗುತ್ತದೆ. ಮೆಣಸು, ಮಸಾಲೆ, ಹೊಲಿಗೆ, ಹೆಣಿಗೆ ಎಂದು ಬೆರಳು ಸವೆಸಿದ ಹೆಂಗಸರ ನೋವಿಗೆ ಇದಕ್ಕಿಂತ ನೇರವಾದ ರೂಪ ಸಿಗುವುದು ಕಷ್ಟ.

ಲಾರಿ, ಕಾರುಗಳ ಬಂಪರಿಗೆ ದೃಷ್ಟಿ ತಾಗದಿರಲೆಂದು ಕೂದಲಿನ ಹಗ್ಗ ಕಟ್ಟುವುದನ್ನು ಬೆಂಗಳೂರಿನ ಜನ ದಿನವೂ ನೋಡುತ್ತಾರೆ. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಿನಲ್ಲಿ ಉದ್ದದ್ದು ವಿಗ್ ಮಾಡುವವರ ಕೈಸೇರುತ್ತದೆ, ಗಿಡ್ಡದ್ದು ಇಂಥ ಹಗ್ಗವಾಗುತ್ತದೆ. ಶೀಲಾ ಗೌಡ ಆ ಹಗ್ಗವನ್ನೇ ಕಿಲೋಮೀಟರುಗಟ್ಟಲೆ ತಂದು, ಅದರಿಂದಲೇ ಕಾರಿನ ಬಂಪರುಗಳನ್ನು ಗೋಡೆಯ ಮೇಲೆ ತೂಗುಹಾಕಿದರು. ‘ಬಿಹೋಲ್ಡ್’ ಎಂಬ ಈ ಕೃತಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಮೇಳವಾದ ವೆನಿಸ್ ಬಿನಾಲೆಯಲ್ಲಿ 2009ರಲ್ಲಿ ಪ್ರದರ್ಶನಗೊಂಡು, ಈಗ ಲಂಡನ್ನಿನ ಟೇಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಉಕ್ಕಿನ ಭಾರವನ್ನು ಕೂದಲು ಹೊತ್ತಿದೆ. ಹರಕೆ ಹೊತ್ತವರ ನಂಬಿಕೆ, ಚಾಲಕರ ಅಂಜಿಕೆ ಎರಡೂ ಆ ಹಗ್ಗದೊಳಗೆ ಸೇರಿವೆ.

2012ರ ಡಿಸೆಂಬರ್ 12ರಂದು ಶುರುವಾದ ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆಗೆ ಅವರು ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಜೊತೆಗೂಡಿ ಕೊಂಡೊಯ್ದದ್ದು ಒರಳುಕಲ್ಲುಗಳನ್ನು. ಮನೆಗೆ ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಬೆಂಗಳೂರಿನ ಹಳೆಯ ಮನೆಗಳಿಂದ ಹೊರಬಿದ್ದ ಕಲ್ಲುಗಳವು. ಅಜ್ಜಿ ರುಬ್ಬಿದ, ಶುಭಕಾರ್ಯದಲ್ಲಿ ಅರಿಸಿನ ಹಚ್ಚಿ ಪೂಜಿಸಿದ ಒರಳನ್ನು ಕಸಕ್ಕೆ ಎಸೆಯಲು ಮನಸ್ಸಾಗದು, ಒಳಗೆ ಇಟ್ಟುಕೊಳ್ಳಲು ಜಾಗವಿಲ್ಲ. ಹಾಗಾಗಿ ಅವು ರಸ್ತೆಬದಿಯಲ್ಲೇ ಉಳಿದಿದ್ದವು. ಮಸಾಲೆ ವ್ಯಾಪಾರದ ಹಳೆಯ ಬಂದರಾದ ಕೊಚ್ಚಿಯ ಆಸ್ಪಿನ್‌ವಾಲ್ ಹೌಸಿನ ಅಂಗಳದಲ್ಲಿ ನೂರೈವತ್ತಕ್ಕೂ ಹೆಚ್ಚು ಒರಳುಗಳು ಹರಡಿಕೊಂಡು ಕೂತಾಗ ಅದನ್ನು ನೋಡಿದ ಕನ್ನಡಿಗರಿಗೆ ತಮ್ಮ ಅಡುಗೆಮನೆಯೇ ಅಲ್ಲಿಗೆ ಹೋದಂತಿತ್ತು.

ಸಮಕಾಲೀನ ಕಲೆ ಎಂದರೆ ಅರ್ಥವಾಗದ್ದು, ದೊಡ್ಡವರ ಡ್ರಾಯಿಂಗ್ ರೂಮಿನದ್ದು ಎಂದು ದೂರ ಸರಿಯುವವರಿಗೆ ಈ ಕೃತಿಗಳು ಒಂದು ಸುಲಭದ ಪ್ರವೇಶ ಕೊಡುತ್ತವೆ. ‘ಇದರ ಅರ್ಥವೇನು’ ಎಂದು ಮೊದಲೇ ಕೇಳುವ ಬದಲು ‘ಇದನ್ನು ಯಾವುದರಿಂದ ಮಾಡಿದ್ದಾರೆ, ಹೇಗೆ ಮಾಡಿದ್ದಾರೆ, ಎಷ್ಟು ಹೊತ್ತು ಹಿಡಿದಿರಬಹುದು’ ಎಂದು ಕೇಳಬಹುದು. ನೇಯ್ದವರಿಗೆ, ಹೊಲಿದವರಿಗೆ, ಗಾರೆ ಕಲಸಿದವರಿಗೆ ಈ ಪ್ರಶ್ನೆಗಳ ಉತ್ತರ ಕಲಾವಿಮರ್ಶಕರಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಅರ್ಥ ಹಿಂದೆಯೇ ಬರುತ್ತದೆ.

ಛಾಯಾಚಿತ್ರಕ್ಕೆ ಬಂದರೆ ದಾರಿ ಟಿ.ಎಸ್. ಸತ್ಯನ್ ಅವರಿಂದ ಶುರುವಾಗಬೇಕು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ 2009ರಲ್ಲಿ ಅಲ್ಲೇ ಕಣ್ಣುಮುಚ್ಚಿದ ಸತ್ಯನ್, ಅಮೆರಿಕದ ‘ಲೈಫ್’ನಂಥ ಪತ್ರಿಕೆಗಳಿಗೆ ಭಾರತವನ್ನು ತೋರಿಸಿದವರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಗೋವಾ ವಿಮೋಚನೆಯಂಥ ದೊಡ್ಡ ಘಟನೆಗಳನ್ನು ಸೆರೆಹಿಡಿದಿದ್ದರೂ ಅವರ ಕ್ಯಾಮೆರಾಕ್ಕೆ ಪ್ರೀತಿ ಇದ್ದದ್ದು ಶಾಲೆಯ ಮಕ್ಕಳು, ಸಂತೆಗೆ ಬಂದವರು, ಜಗಲಿಯ ಮೇಲೆ ಕೂತ ವೃದ್ಧರ ಮೇಲೆ. ಬಡವರನ್ನು ತೋರಿಸುವಾಗಲೂ ಅವರ ಘನತೆಗೆ ಕುಂದು ಬಾರದಂತೆ ನೋಡಿದ ಕಣ್ಣು ಅದು.

ಸತ್ಯನ್ ಇದ್ದದ್ದನ್ನು ಇದ್ದ ಹಾಗೆ ಹಿಡಿದರೆ, ಪುಷ್ಪಮಾಲಾ ಎನ್. ಹೊಸದಾಗಿ ವೇಷ ಕಟ್ಟಿ ಹಿಡಿದರು. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಬರೋಡಾದಲ್ಲಿ ಕಲಿತದ್ದು ಶಿಲ್ಪಕಲೆ. ತೊಂಬತ್ತರ ದಶಕದ ನಡುವೆ ಶಿಲ್ಪ ಬಿಟ್ಟು ತಾವೇ ಕ್ಯಾಮೆರಾದ ಮುಂದೆ ಬಂದು ನಿಂತರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ದಕ್ಷಿಣ ಭಾರತದ ಹೆಣ್ಣನ್ನು ಯಾರು ಯಾರು ಹೇಗೆಲ್ಲ ಚಿತ್ರಿಸಿದ್ದಾರೋ ಆ ಚಿತ್ರಗಳನ್ನೆಲ್ಲ ಮತ್ತೆ ಕಟ್ಟಿದರು. ರವಿವರ್ಮನ ಲಕ್ಷ್ಮಿ ಇದ್ದಾಳೆ, ಸಿನಿಮಾದ ನಾಯಕಿ ಇದ್ದಾಳೆ, ಪೊಲೀಸರು ಹಿಡಿದು ಪತ್ರಿಕೆಗೆ ತೋರಿಸಿದ ಕಳ್ಳಿ ಇದ್ದಾಳೆ. ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಬ್ರಿಟಿಷರು ಅಳತೆ ತೆಗೆದ ಬುಡಕಟ್ಟಿನ ಹೆಣ್ಣೂ ಇದ್ದಾಳೆ. ಪರದೆ, ಸೀರೆ, ಒಡವೆ, ಬೆಳಕು ಎಲ್ಲವೂ ಮೂಲದ ಹಾಗೆಯೇ. ಎಲ್ಲರಲ್ಲೂ ಇರುವ ಮುಖ ಮಾತ್ರ ಪುಷ್ಪಮಾಲಾ ಅವರದು. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪೂಜೆಗೊಂಡ ರೂಪಕ್ಕೂ ಠಾಣೆಯ ಕಡತದಲ್ಲಿ ನಂಬರು ಹಚ್ಚಿಸಿಕೊಂಡ ರೂಪಕ್ಕೂ ಹಿಂದೆ ಇರುವುದು ಯಾರದೋ ನೋಟ ಎಂಬುದು ಆಗ ಎದ್ದು ಕಾಣುತ್ತದೆ. 2014ರಲ್ಲಿ ಕೊಚ್ಚಿ ಬಿನಾಲೆಗಾಗಿ ಅವರು ವಾಸ್ಕೊ ಡ ಗಾಮನ ವೇಷ ತೊಟ್ಟು, ಪೋರ್ಚುಗಲ್ಲಿನ ಹಳೆಯ ವರ್ಣಚಿತ್ರವೊಂದರ ದರ್ಬಾರನ್ನೇ ಮರುಸೃಷ್ಟಿಸಿದರು. 2019ರ ಚೆನ್ನೈ ಫೋಟೊ ಬಿನಾಲೆಯ ಕಲಾನಿರ್ದೇಶನವೂ ಅವರದೇ. ಆ ಬಿನಾಲೆಯಲ್ಲಿ ಭಾಗವಹಿಸಿದವರ ಪಟ್ಟಿ ಹಿಡಿದು ಹೊರಟರೆ ನೋಡಬೇಕಾದ ಛಾಯಾಗ್ರಾಹಕರ ಹೆಸರು ಡಜನ್ನುಗಟ್ಟಲೆ ಸಿಗುತ್ತದೆ.

ಕಲಾವಿದರು ಕೂತು ಹರಟುವಂಥ ಒಂದು ಮನೆ ಬೆಂಗಳೂರಿನ ಶಾಂತಿನಗರದಲ್ಲಿದೆ. ಕಲಾ ಇತಿಹಾಸಕಾರ ಸುರೇಶ್ ಜಯರಾಮ್ 2003ರಲ್ಲಿ ತಮ್ಮ ಆ ಮನೆಯನ್ನೇ ಕಲಾವಿದರಿಗೆ ತೆರೆದಿಟ್ಟರು. ವಿಳಾಸವೇ ಅದರ ಹೆಸರು: ‘1 ಶಾಂತಿರೋಡ್’. ಹೊರದೇಶದಿಂದ, ಹೊರರಾಜ್ಯದಿಂದ ಬಂದ ಕಲಾವಿದರು ಅಲ್ಲಿ ಉಳಿದು ಕೆಲಸ ಮಾಡುತ್ತಾರೆ, ಸಂಜೆ ಊರಿನವರು ಬಂದು ನೋಡಿ ಚರ್ಚಿಸುತ್ತಾರೆ. ಈ ಬಳಗದಲ್ಲಿ ಬೆಳೆದವರು ರಾಮನಗರದ ಕಡೆಯಿಂದ ಬಂದ ಶಿವರಾಜು. ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದವರು ಕ್ಯಾಮೆರಾ ಹಿಡಿದು ‘ಕಾಪ್ ಶಿವ’ ಎಂದೇ ಹೆಸರಾದರು.

ಶಿವ ಅವರ ‘ಬೀಯಿಂಗ್ ಗಾಂಧಿ’ ಸರಣಿಯಲ್ಲಿ ಹಳ್ಳಿಯ ಶಾಲಾ ಮೇಷ್ಟ್ರೊಬ್ಬರು ಮೈಗೆಲ್ಲ ಬೆಳ್ಳಿಬಣ್ಣ ಬಳಿದುಕೊಂಡು, ಪಂಚೆ ಉಟ್ಟು, ಕೋಲು ಹಿಡಿದು ಗಾಂಧಿಯಾಗಿ ನಿಲ್ಲುತ್ತಾರೆ. ಊರ ದಾರಿ, ಹೊಲ, ಜನಸಂದಣಿ ಹೀಗೆ ಎಲ್ಲೆಂದರಲ್ಲಿ ಆ ಗಾಂಧಿ ಇದ್ದಾರೆ. ಪ್ರತಿಮೆಯೋ ಮನುಷ್ಯನೋ ಎಂದು ಜನ ನಿಂತು ನೋಡುತ್ತಾರೆ. ವೇಷಧಾರಿಯನ್ನು ನಗೆಪಾಟಲು ಮಾಡುವ ಚಿತ್ರಗಳಲ್ಲ ಇವು. ಮೇಷ್ಟ್ರ ಶ್ರದ್ಧೆಯನ್ನು ಅಷ್ಟೇ ಶ್ರದ್ಧೆಯಿಂದ ಹಿಂಬಾಲಿಸಿ ತೆಗೆದವು. ಕಾನ್‌ಸ್ಟೆಬಲ್ಲಿಗೂ ಸಮವಸ್ತ್ರ ಒಂದು ವೇಷವೇ ಆಗಿರುವುದರಿಂದಲೋ ಏನೋ, ವೇಷ ತೊಟ್ಟವರ ಒಳಗನ್ನು ಅವರು ಬಲ್ಲರು.

ಮತ್ತೆ ಬೀದಿಗೆ ಮರಳಿದರೆ ಅರವಾಣಿ ಆರ್ಟ್ ಪ್ರಾಜೆಕ್ಟ್ ಸಿಗುತ್ತದೆ. ಪೂರ್ಣಿಮಾ ಸುಕುಮಾರ್ 2016ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಈ ಬಳಗದಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಮಹಿಳೆಯರು ಇತರ ಮಹಿಳೆಯರ ಜೊತೆಗೂಡಿ ದೊಡ್ಡ ಗೋಡೆಗಳ ಮೇಲೆ ಚಿತ್ರ ಬರೆಯುತ್ತಾರೆ. ಸಿಗ್ನಲ್ಲಿನಲ್ಲಿ ಮುಖ ತಿರುಗಿಸಿಕೊಳ್ಳುವ ನಗರದ ನಡುವೆಯೇ ಏಣಿ ಹತ್ತಿ ನಿಂತು ತಮ್ಮ ಮುಖಗಳನ್ನು ಎರಡು ಆಳೆತ್ತರಕ್ಕೆ ಬರೆಯುವುದು ಸಣ್ಣ ಮಾತಲ್ಲ. 2024ರ ವೆನಿಸ್ ಬಿನಾಲೆಯಲ್ಲಿಯೂ ಅವರ ಗೋಡೆಚಿತ್ರವಿತ್ತು.

ಆದರೆ ಕಲೆ ನೋಡಲು ವೆನಿಸ್‌ಗೆ ಹೋಗಬೇಕೆಂದಿಲ್ಲ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ಹಲವು ವರ್ಷಗಳಿಂದ ನಡೆದುಬಂದದ್ದು. ಸಾವಿರಕ್ಕೂ ಹೆಚ್ಚು ಕಲಾವಿದರು ಅಂದು ಫುಟ್‌ಪಾತಿನ ಮೇಲೆ ಚಿತ್ರ ಹರಡಿ ಕೂರುತ್ತಾರೆ. ಚಿತ್ರ ಬರೆದವರನ್ನೇ ಎದುರಿಗೆ ಕೂರಿಸಿಕೊಂಡು ‘ಇದನ್ನು ಹೇಗೆ ಮಾಡಿದಿರಿ’ ಎಂದು ಕೇಳುವ ಅವಕಾಶ ವರ್ಷದಲ್ಲಿ ಇನ್ನೆಂದೂ ಇಷ್ಟು ಸುಲಭವಾಗಿ ಸಿಗದು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ದೇಶದ ಹಿರಿಯರ ಚಿತ್ರಗಳಿವೆ, ಸುತ್ತಲೂ ದೊಡ್ಡ ಮರಗಳ ನೆರಳಿದೆ. ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯ ಸಂಗ್ರಹದಲ್ಲಿ ಛಾಯಾಚಿತ್ರಗಳಿಗೇ ದೊಡ್ಡ ಪಾಲು. ಸತ್ಯನ್ ಅವರ ಚಿತ್ರಗಳೂ ಅಲ್ಲಿವೆ.

ಬೆಂಗಳೂರಿನ ಹೊರಗೂ ದಾರಿಗಳಿವೆ. ಮೈಸೂರು, ದಾವಣಗೆರೆ, ಧಾರವಾಡ, ಕಲಬುರಗಿಗಳ ಕಲಾಶಾಲೆಗಳಲ್ಲಿ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ಗೋಡೆಗೆ ಹಾಕುವ ದಿನಗಳು ಬರುತ್ತವೆ. ಅಪ್ಪ ಅಮ್ಮ, ಮೇಷ್ಟ್ರು, ಗೆಳೆಯರು ಬಿಟ್ಟರೆ ಅಲ್ಲಿಗೆ ಹೊರಗಿನವರು ಬರುವುದು ಅಪರೂಪ. ಹರ್ಷ, ನಂಜುಂಡಸ್ವಾಮಿಯಂಥವರೂ ಒಂದು ಕಾಲಕ್ಕೆ ಅಂಥದೇ ತರಗತಿಗಳಲ್ಲಿ ಕೂತು ಕಲಿತವರು. ಇಷ್ಟವಾದ ಒಂದು ಚಿತ್ರದ ಮುಂದೆ ನಿಂತು ಹೆಸರು ಬರೆದುಕೊಂಡು, ಇನ್‌ಸ್ಟಾಗ್ರಾಂನಲ್ಲಿ ಅವರನ್ನು ಹಿಂಬಾಲಿಸಿ, ಅವರು ಯಾರ ಕೆಲಸ ಮೆಚ್ಚಿ ಹಂಚಿಕೊಳ್ಳುತ್ತಾರೆ ಎಂದು ಗಮನಿಸುತ್ತಾ ಹೋದರೆ ಒಂದು ವರ್ಷದೊಳಗೆ ಯಾರ ಬಳಿಯಾದರೂ ತಮ್ಮದೇ ಆದ ಒಂದು ಪಟ್ಟಿ ಸಿದ್ಧವಾಗುತ್ತದೆ. ಫೋನಿನ ಪರದೆಯಲ್ಲಿ ಕಂಡದ್ದನ್ನು ಸಾಧ್ಯವಾದಾಗ ಎದುರಿಗೇ ಹೋಗಿ ನೋಡಬೇಕು. ಹರ್ಷ ಅವರ 24 ಮೀಟರ್ ಉದ್ದದ ‘ಪುನರಪಿ ಜನನಂ ಪುನರಪಿ ಮರಣಂ’ ಫೋನಿನಲ್ಲಿ ಬೆರಳಗಲದ ಒಂದು ಪಟ್ಟಿ. ಎದುರು ನಿಂತರೆ ತುದಿಯಿಂದ ತುದಿಗೆ ನಡೆದೇ ನೋಡಬೇಕಾದ ನಕ್ಷತ್ರಲೋಕ.

ಒಂದು ಕೆಲಸ ಮಾತ್ರ ನೋಡುಗರ ಕೈಯಲ್ಲಿಲ್ಲ, ಸಂಸ್ಥೆಗಳ ಕೈಯಲ್ಲಿದೆ. ಶಿವರಾಮ ಕಾರಂತರು ಕನ್ನಡದಲ್ಲೇ ಕಲೆಯ ಬಗ್ಗೆ ಪುಸ್ತಕಗಳನ್ನು ಬರೆದರು. ಕರ್ನಾಟಕ ಲಲಿತಕಲಾ ಅಕಾಡೆಮಿ ನಾಡಿನ ಕಲಾವಿದರ ಮೇಲೆ ಕನ್ನಡ ಪುಸ್ತಕಗಳನ್ನು ತಂದಿದೆ. ಆದರೂ ಭದ್ರಾವತಿ, ಮೈಸೂರು, ರಾಮನಗರಗಳಿಂದ ಹೊರಟು ಲೋಕ ಸುತ್ತಿದ ಈ ಕಲಾವಿದರ ಕುರಿತು ಹೆಚ್ಚಿನ ಬರಹ ಇಂಗ್ಲಿಷಿನಲ್ಲೇ ಇದೆ. ಗ್ಯಾಲರಿಯ ಗೋಡೆಯ ಮೇಲೆ ಕೃತಿಯ ಪಕ್ಕದಲ್ಲಿ ಹಚ್ಚುವ ಚೀಟಿ ಕನ್ನಡದಲ್ಲೂ ಇರಲಿ, ಪ್ರದರ್ಶನದ ಸಂಜೆ ಕಲಾವಿದರು ಕನ್ನಡದಲ್ಲೂ ಮಾತಾಡಲಿ, ಪತ್ರಿಕೆಗಳು ಹೊಸ ಸಿನಿಮಾಕ್ಕೆ ಕೊಡುವ ಜಾಗದ ಕಾಲುಭಾಗವನ್ನಾದರೂ ಹೊಸ ಪ್ರದರ್ಶನಕ್ಕೆ ಕೊಡಲಿ. ಇದಕ್ಕೆ ದೊಡ್ಡ ಹಣವೇನೂ ಬೇಕಿಲ್ಲ. ಕನ್ನಡದಲ್ಲೊಂದು ಚೀಟಿ ಏಕಿಲ್ಲ ಎಂದು ಮುಂದಿನ ಸಲ ಗ್ಯಾಲರಿಗೆ ಹೋದವರು ಅಲ್ಲಿನವರನ್ನು ಕೇಳಬಹುದು, ಅಲ್ಲಿಟ್ಟಿರುವ ಅಭಿಪ್ರಾಯದ ಪುಸ್ತಕದಲ್ಲಿ ಬರೆದೂ ಬರಬಹುದು.